ಅಪ್‌ಡೇಟ್: ಮಳೆಗಾಲದ ಇನ್‌ಕ್ಯುಬೇಟರ್, ಚಿಪ್ಪಿನೊಳಗೇ ಸಾಯುವ ಮರಿ

ಉಡುಪಿಯ ಈ ಮಳೆಯಲ್ಲಿ, ಇನ್‌ಕ್ಯುಬೇಟರಿನಲ್ಲಿ (ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ) ಪೂರ್ತಿ ಬೆಳೆದ ಕೋಳಿಮರಿ ಮೊಟ್ಟೆಯೊಳಗೇ ಸಾಯುವುದೇಕೆ ಎಂದು ಕೇಳಿದ್ದೆ. ಅತಿಯಾದ ತೇವವೇ ಕಾರಣ. ಈ ಸಲ ಮೊದಲ 18 ದಿನ ನೀರಿನ ತಟ್ಟೆಯನ್ನೇ ಇಡಲಿಲ್ಲ, ಉಷ್ಣತೆ 37.5 ಡಿಗ್ರಿ, ತೇವಾಂಶ ಶೇ. 50ರ ಆಸುಪಾಸು. ಟಾರ್ಚ್ ಹಿಡಿದು ನೋಡಿದರೆ 18ನೇ ದಿನಕ್ಕೆ ದಪ್ಪ ತುದಿಯ ಗಾಳಿಗೂಡು (ಒಳಗೆ ಗಾಳಿ ತುಂಬಿದ ಖಾಲಿ ಜಾಗ) ಮೊಟ್ಟೆಯ ಸುಮಾರು ಮೂರರಲ್ಲೊಂದು ಪಾಲು ಇರಬೇಕು. ಚಿಕ್ಕದಿದ್ದರೆ ಒಳಗೆ ನೀರು ಉಳಿದಿದೆ ಎಂದರ್ಥ. ಕೊಕ್ಕು ಗಾಳಿಗೆ ತಲುಪದೆ ಮರಿ ಉಸಿರುಗಟ್ಟುತ್ತದೆ. ಕೊನೆಯ ಮೂರು ದಿನ ಮೊಟ್ಟೆ ತಿರುಗಿಸದೆ, ಮುಚ್ಚಳ ತೆರೆಯದೆ, ತೇವಾಂಶ 65–70ಕ್ಕೆ ಏರಿಸಿದೆ. ಮರಿಗಳು ತಾವೇ ಚಿಪ್ಪು ಒಡೆದು ಬಂದವು!

ಬ್ರೂಡರಿಗೆ (ಮರಿಗಳನ್ನು ಬೆಚ್ಚಗಿಡುವ ಗೂಡು) ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿ ಇಳಿಕೆ. ಬಲ್ಬಿನಡಿ ಗುಂಪುಗೂಡಿದರೆ ಚಳಿ, ಬಾಯಿ ತೆರೆದು ದೂರ ನಿಂತರೆ ಸೆಕೆ. ಥರ್ಮಾಮೀಟರಿಗಿಂತ ಮರಿಗಳನ್ನೇ ನಂಬಿ. ನೆಲಕ್ಕೆ ಹಾಸಿದ ಉಮಿ ಒದ್ದೆಯಾದರೆ ಅಂದೇ ತೆಗೆಯಿರಿ. ಹಿಕ್ಕೆಯಲ್ಲಿ ರಕ್ತ ಬೀಳುವ ಕಾಕ್ಸಿಡಿಯೋಸಿಸ್ ರೋಗ ಹಬ್ಬುವುದು ಅಲ್ಲಿಂದಲೇ.