ಸಹಾಯ ಬೇಕು: ಲಾರಿ ಮೇಲಿನ ಮೂಟೆಗೆ ಫ್ರಿಕ್ಷನ್ (ಘರ್ಷಣೆ) ಯಾವ ಕಡೆಗೆ, ಎಷ್ಟು?

ಎಲ್ಲರಿಗೂ ನಮಸ್ಕಾರ. ಫಸ್ಟ್ ಪಿಯುಸಿ ಫಿಸಿಕ್ಸ್ ರಿವಿಷನ್ ಮಾಡ್ತಿದೀನಿ, ಟೆನ್ತ್‌ವರೆಗೂ ಕನ್ನಡ ಮೀಡಿಯಂ. ಯೂನಿಟ್ಸು, ಚಲನೆಯ ಸಮೀಕರಣಗಳು ಎಲ್ಲಾ ಓಕೆ, ಫ್ರಿಕ್ಷನ್ ಹತ್ರ ಬಂದು ನಿಂತುಬಿಟ್ಟಿದೀನಿ.

ಲೆಕ್ಕ ಇದು. ಲಾರಿ ಮೇಲೆ 50 ಕೆಜಿ ಮೂಟೆ ಇದೆ, ಲಾರಿ ಸಪಾಟು ರೋಡಲ್ಲಿ 2 ಮೀ/ಸೆ² ವೇಗೋತ್ಕರ್ಷದಲ್ಲಿ ಮುಂದಕ್ಕೆ ಹೊರಡುತ್ತೆ, ಮೂಟೆ ಜಾರಲ್ಲ, ಸ್ಟ್ಯಾಟಿಕ್ ಫ್ರಿಕ್ಷನ್ (ಜಾರದೆ ಇರುವಾಗಿನ ಘರ್ಷಣೆ) ಗುಣಾಂಕ 0.4, ಜಿ (ಗುರುತ್ವ ವೇಗೋತ್ಕರ್ಷ) 10 ಅಂತ ತಗೋಬೇಕು. ಗುಣಾಂಕವನ್ನ ನಾರ್ಮಲ್ ಫೋರ್ಸಿಗೆ (ಲಾರಿ ತಳ ಮೂಟೆನ ಮೇಲಕ್ಕೆ ಒತ್ತೋ ಬಲ) ಗುಣಿಸಿದ್ರೆ 0.4 × 500 = 200 ನ್ಯೂಟನ್ ಬರುತ್ತೆ, ನ್ಯೂಟನ್ನನ ಎರಡನೇ ನಿಯಮದಿಂದ ಮಾಡಿದ್ರೆ 50 × 2 = 100 ನ್ಯೂಟನ್. ಉತ್ತರ 100 ಅಂತ ಪುಸ್ತಕದ ಹಿಂದೆ ಕೊಟ್ಟಿದಾರೆ, ಹಾಗಾದ್ರೆ ಆ 200 ಏನು, ಗುಣಾಂಕ ಯಾಕೆ ಕೊಟ್ರು?

ಇನ್ನೊಂದು, ಇದೇ ಜಾಸ್ತಿ ಕಾಡ್ತಿರೋದು. ಫ್ರಿಕ್ಷನ್ ಚಲನೆನ ವಿರೋಧಿಸುತ್ತೆ ಅಂತ ಹೈಸ್ಕೂಲಿಂದ ಬಾಯಿಪಾಠ ಮಾಡಿದೀವಿ, ಆದ್ರೆ ಮೂಟೆಯ ಫ್ರೀ ಬಾಡಿ ಡಯಾಗ್ರಾಮ್ (ಅದರ ಮೇಲಿನ ಬಲಗಳನ್ನ ಮಾತ್ರ ತೋರಿಸೋ ಚಿತ್ರ) ಬರೆದು ನೋಡಿದೆ, ಅಡ್ಡಡ್ಡಕ್ಕೆ ಇರೋ ಬಲ ಅಂದ್ರೆ ಫ್ರಿಕ್ಷನ್ ಒಂದೇ, ಮೂಟೆ ಮುಂದಕ್ಕೆ ಹೋಗ್ಬೇಕು ಅಂದ್ರೆ ಅದು ಮುಂದಕ್ಕೇ ಇರ್ಬೇಕು ತಾನೆ? ವಿಡಿಯೋಗಳನ್ನೂ ನೋಡಿದೆ, ಎಲ್ರೂ ನೇರವಾಗಿ ಸೂತ್ರ ಹಾಕಿ ಮುಗಿಸ್ತಾರೆ, ಕಾರಣ ಹೇಳಲ್ಲ. ನನಗೆ ಕಾರಣ ಬೇಕು, ಕೆಸಿಇಟಿಲಿ ಲೆಕ್ಕ ಸ್ವಲ್ಪ ತಿರುಗಿಸಿ ಕೇಳಿದ್ರೆ ಬಾಯಿಪಾಠ ಕೈ ಕೊಡುತ್ತೆ.

ಗೊತ್ತಿರೋ ಮೇಷ್ಟ್ರು, ಸೀನಿಯರ್ಸ್ ದಯವಿಟ್ಟು ಹೇಳಿ: ಫ್ರಿಕ್ಷನ್ ವಿರೋಧಿಸೋದು ಯಾವುದಕ್ಕೆ ಹೋಲಿಸಿದ ಚಲನೆನ, ರೋಡಿಗಾ ಲಾರಿಗಾ? ಮತ್ತೆ ಆ 200 ಅನ್ನೋದನ್ನ ಯಾವಾಗ ಬಳಸ್ಬೇಕು?