ಹೊರದೇಶದಲ್ಲಿರುವ ಅಪರಾಧದ ಆಸ್ತಿ: ವಕೀಲರಿಗೆ ಏನು ಕಲಿಸಬೇಕು?

ಪ್ರಶ್ನೆ (ವಕೀಲೆ, ಧಾರವಾಡ): ನಮಸ್ಕಾರ ಸರ್. ನಮ್ಮ ಜಿಲ್ಲೆಯ ಕಿರಿಯ ವಕೀಲರು ಮತ್ತು ಸಹಾಯಕ ಸರ್ಕಾರಿ ಅಭಿಯೋಜಕರಿಗೆ ಒಂದು ದಿನದ ಕಾರ್ಯಾಗಾರ ನಡೆಸುವ ಹೊಣೆ ನನ್ನ ತಲೆಗೆ ಬಂದಿದೆ. ಅಪರಾಧದಿಂದ ಗಳಿಸಿದ ಆಸ್ತಿ ಬೇರೆ ದೇಶದಲ್ಲಿದ್ದರೆ ಅದನ್ನು ಜಪ್ತಿ ಮಾಡಿಸುವುದು ಹೇಗೆ, ಆಮೇಲೆ ಅದನ್ನು ಏನು ಮಾಡುವುದು ಎಂಬುದು ವಿಷಯ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕಲಂಗಳನ್ನು ಓದುತ್ತಾ ಹೋದರೆ ಊಟದ ನಂತರ ಸಭಾಂಗಣವೆಲ್ಲ ತೂಕಡಿಸುವುದು ಖಂಡಿತ. ಎಲ್ಲಿಂದ ಆರಂಭಿಸಲಿ?

ಉತ್ತರ (ಹಿರಿಯ ವಕೀಲ, ಬೆಂಗಳೂರು): ವಿನಂತಿ ಪತ್ರದಿಂದ ಆರಂಭಿಸಿ ಮೇಡಂ. ಇಡೀ ಬೆಳಗ್ಗೆ ಅದಕ್ಕೇ ಹೋದರೂ ನಷ್ಟವಿಲ್ಲ.

ನಮ್ಮ ನ್ಯಾಯಾಲಯದ ಆದೇಶಕ್ಕೆ ಪ್ಯಾರಿಸ್‌ನಲ್ಲಾಗಲಿ ದುಬೈನಲ್ಲಾಗಲಿ ತಾನಾಗಿಯೇ ಯಾವ ಬಲವೂ ಇಲ್ಲ. ಅಲ್ಲಿನ ಅಧಿಕಾರಿ ಅಲ್ಲಿನ ಕಾನೂನಿನಡಿಯಲ್ಲೇ ಕೈ ಹಾಕಬೇಕು. ನೀವು ಹೇಳಿದ 2002ರ ಆ ಕಾಯ್ದೆಯ 60ನೇ ಕಲಂ ಪ್ರಕಾರ, ಮುಟ್ಟುಗೋಲು ಆದೇಶವಾದ ಆಸ್ತಿ ಭಾರತದೊಡನೆ ಒಪ್ಪಂದವಿರುವ ದೇಶವೊಂದರಲ್ಲಿದೆ ಎಂಬ ಅನುಮಾನವಿದ್ದರೆ ವಿಶೇಷ ನ್ಯಾಯಾಲಯ ಆ ದೇಶಕ್ಕೆ ವಿನಂತಿ ಪತ್ರ ಬರೆಯಬಹುದು. ಸಾಕ್ಷ್ಯ ಸಂಗ್ರಹಕ್ಕೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 112ನೇ ಕಲಂ ಇದೆ. ಪರಸ್ಪರ ಕಾನೂನು ನೆರವಿನ ವಿಷಯದಲ್ಲಿ ನಮ್ಮ ಕೇಂದ್ರ ಪ್ರಾಧಿಕಾರ ಗೃಹ ಸಚಿವಾಲಯ. ಕಾನೂನಿನ ಪಾಠ ಇಷ್ಟು ಸಾಕು.

ಉಳಿದದ್ದು ಬರವಣಿಗೆ. ನಮ್ಮವರು ಎಫ್‌ಐಆರ್, ಆರೋಪಪಟ್ಟಿ, ಹೇಳಿಕೆಗಳ ಕಟ್ಟನ್ನೇ ಲಗತ್ತಿಸಿ ಕೊನೆಯಲ್ಲಿ ‘ಸದರಿ ಆಸ್ತಿಯನ್ನು ಜಪ್ತಿ ಮಾಡಬೇಕೆಂದು ಕೋರಿದೆ’ ಎಂದು ಸಹಿ ಹಾಕುತ್ತಾರೆ. ಓದುವ ವಿದೇಶಿ ನ್ಯಾಯಾಧೀಶರಿಗೆ ಬೇಕಾಗಿರುವುದೇ ಬೇರೆ. ಈ ಕೃತ್ಯ ನಮ್ಮ ದೇಶದಲ್ಲೂ ಅಪರಾಧವೇ? ಅಪರಾಧದ ಹಣ ಈ ಮನೆಗೆ ಹೇಗೆ ಬಂತು? ದಾಖಲೆಯಲ್ಲಿ ಮಾಲೀಕರು ಯಾರು, ನಿಜವಾಗಿ ಅನುಭವಿಸುತ್ತಿರುವವರು ಯಾರು? ಅವರಿಗೆ ನೋಟಿಸ್ ಕೊಟ್ಟು ಅಹವಾಲು ಕೇಳಿದ್ದೀರಾ? ಇವುಗಳಿಗೆ ಉತ್ತರ ಸಿಗದಿದ್ದರೆ ಪತ್ರ ಪ್ರಶ್ನೆಗಳೊಂದಿಗೆ ಹಿಂದಿರುಗುತ್ತದೆ. ಅಷ್ಟರಲ್ಲಿ ಮನೆ ಮಾರಾಟವಾಗಿರುತ್ತದೆ.

ಹಾಗಾಗಿ ಒಂದು ಕಾಲ್ಪನಿಕ ಪ್ರಕರಣ ಕೊಟ್ಟು ಹಣದ ಹಾದಿಯನ್ನು ಒಂದೇ ಪುಟದಲ್ಲಿ ಬರೆಸಿ. ಮೊದಲ ಕಂಪನಿಯ ಸಾಲದ ಖಾತೆಯಿಂದ ಇಂಥ ದಿನ ಇಷ್ಟು ಹೊರಟಿತು, ಎರಡನೆಯ ಕಂಪನಿಗೆ ‘ಸಲಹಾ ಶುಲ್ಕ’ದ ಹೆಸರಿನಲ್ಲಿ ಬಿತ್ತು, ಅಲ್ಲಿಂದ ವಿದೇಶಿ ಖಾತೆಗೆ ಹೋಯಿತು, ಮೂರು ವಾರ ಕಳೆದ ಮೇಲೆ ಭಾವಮೈದುನನ ಹೆಸರಿನಲ್ಲಿ ಫ್ಲ್ಯಾಟ್ ನೋಂದಣಿಯಾಯಿತು. ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಸಾಬೀತುಪಡಿಸುವ ದಾಖಲೆಯ ಸಂಖ್ಯೆ ಇರಬೇಕು. ದಾಖಲೆಯಿಲ್ಲದ ಸಾಲು ಬಂದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಊಟದ ಹೊತ್ತಿಗೆ ಎಷ್ಟು ಪುಟಗಳು ಕೆಂಪಾಗಿರುತ್ತವೆ ನೋಡಿ.

ಪ್ರಶ್ನೆ (ನಿವೃತ್ತ ಬ್ಯಾಂಕ್ ಕಾನೂನು ಅಧಿಕಾರಿ, ಮಂಗಳೂರು): ನೈಜ ಉದಾಹರಣೆ ಬೇಕಲ್ಲವೇ? ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ವಿಮಾನಯಾನ ಕಂಪನಿಯ ಸಾಲದ ಪ್ರಕರಣ ನಮ್ಮವರಿಗೆ ಬೇಗ ಅರ್ಥವಾದೀತು.

ಉತ್ತರ: ಒಳ್ಳೆಯ ಆಯ್ಕೆ. ಒಂದೇ ಪ್ರಕರಣದಲ್ಲಿ ಎರಡು ದಾರಿಗಳು ಕಾಣುತ್ತವೆ. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ 6,203 ಕೋಟಿ ರೂಪಾಯಿ ಮತ್ತು ಬಡ್ಡಿ ವಸೂಲಿಗೆ ಆದೇಶ ಕೊಟ್ಟಿತು. ಬ್ಯಾಂಕುಗಳು ಅದನ್ನೇ ಲಂಡನ್‌ಗೆ ಒಯ್ದು ಅಲ್ಲಿ ನೋಂದಾಯಿಸಿ, ಜಗತ್ತಿನ ಯಾವ ಮೂಲೆಯಲ್ಲಿರುವ ಆಸ್ತಿಯನ್ನೂ ಪರಭಾರೆ ಮಾಡದಂತೆ ತಡೆ ಆದೇಶ ಪಡೆದವು. 2018ರ ಮೇ ತಿಂಗಳಲ್ಲಿ ಅದನ್ನು ರದ್ದುಪಡಿಸಲು ಅಲ್ಲಿನ ಹೈಕೋರ್ಟ್ ಒಪ್ಪಲಿಲ್ಲ. ಇದು ಸಿವಿಲ್ ದಾರಿ. ಇಲ್ಲಿ ಯಾರೂ ಅಪರಾಧವನ್ನು ಸಾಬೀತುಪಡಿಸಬೇಕಾಗಿರಲಿಲ್ಲ.

ಇನ್ನೊಂದು ಕ್ರಿಮಿನಲ್ ದಾರಿ. ಪ್ಯಾರಿಸ್‌ನ ಅವೆನ್ಯೂ ಫೋಶ್‌ನಲ್ಲಿದ್ದ ಒಂದು ಆಸ್ತಿಯನ್ನು ಜಾರಿ ನಿರ್ದೇಶನಾಲಯದ ಕೋರಿಕೆಯ ಮೇಲೆ ಫ್ರಾನ್ಸಿನ ಅಧಿಕಾರಿಗಳು ಜಪ್ತಿ ಮಾಡಿದ್ದು 2020ರಲ್ಲಿ ಪ್ರಕಟವಾಯಿತು. ಅದರ ಮೌಲ್ಯ 16 ಲಕ್ಷ ಯೂರೋ. ಆರೋಪಗಳನ್ನು ಮಲ್ಯ ಅಲ್ಲಗಳೆಯುತ್ತಾರೆ ಎಂಬುದನ್ನೂ ತರಗತಿಯಲ್ಲಿ ಹೇಳಿ. ಬ್ಯಾಂಕುಗಳಿಗೆ 14,131 ಕೋಟಿ ರೂಪಾಯಿ ಮರಳಿಸಲಾಗಿದೆ ಎಂದು ಹಣಕಾಸು ಸಚಿವರು 2024ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದರು. ಪ್ಯಾರಿಸ್‌ನ ಆ ಆಸ್ತಿ ಇದರ ಮುಂದೆ ಚಿಲ್ಲರೆ. 2021ರ ಜೂನ್‌ನಲ್ಲಿ ಮಾರಿದ ಯುನೈಟೆಡ್ ಬ್ರೂವರೀಸ್ ಷೇರುಗಳಿಂದಲೇ 5,800 ಕೋಟಿಗೂ ಹೆಚ್ಚು ಬಂದಿತ್ತು. ಹೊರದೇಶದ ಬಂಗಲೆಯ ಚಿತ್ರ ಪತ್ರಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ, ಹಣ ಬರುವುದು ಮಾತ್ರ ಸಕಾಲದಲ್ಲಿ ಹಿಡಿದಿಟ್ಟ ಊರಿನ ಆಸ್ತಿಯಿಂದ. ಹೊರದೇಶಕ್ಕೆ ಸಾಗಿಸಿದ ಆಸ್ತಿಗೆ ಬದಲಾಗಿ ಅಷ್ಟೇ ಮೌಲ್ಯದ ಇಲ್ಲಿನ ಆಸ್ತಿಯನ್ನು ಹಿಡಿಯಲು ಕಾಯ್ದೆಯ ವ್ಯಾಖ್ಯೆಯಲ್ಲೇ ಅವಕಾಶವಿದೆ. ಅದನ್ನು ಒತ್ತಿ ಹೇಳಿ.

ಪ್ರಶ್ನೆ (ಕಾನೂನು ವಿದ್ಯಾರ್ಥಿ, ಜರ್ಮನಿ): ಸರ್, ಇಲ್ಲಿ ಯುರೋಪಿನ ದೇಶಗಳ ನಡುವೆಯೂ ಇಷ್ಟೇ ಪತ್ರ ವ್ಯವಹಾರವೇ?

ಉತ್ತರ: ಇಲ್ಲ, ಅಲ್ಲಿ ದಾರಿ ಸಲೀಸು. 2020ರ ಡಿಸೆಂಬರ್ 19ರಿಂದ ಅನ್ವಯವಾಗುತ್ತಿರುವ ಯುರೋಪಿಯನ್ ಒಕ್ಕೂಟದ ನಿಯಮಾವಳಿಯಂತೆ ಒಂದು ದೇಶದ ತಡೆ ಇಲ್ಲವೇ ಮುಟ್ಟುಗೋಲು ಆದೇಶವನ್ನು ಇನ್ನೊಂದು ದೇಶ ಮಾನ್ಯ ಮಾಡಬೇಕು. ಡೆನ್ಮಾರ್ಕ್ ಮತ್ತು ಐರ್ಲೆಂಡ್ ಇದರಿಂದ ಹೊರಗಿವೆ. ಆದೇಶದ ಜೊತೆ ನಿಗದಿತ ನಮೂನೆಯ ಪ್ರಮಾಣಪತ್ರ ಹೋಗುತ್ತದೆ. ತುರ್ತು ಎಂದು ನಮೂದಿಸಿದ್ದರೆ ತಡೆಹಿಡಿಯುವ ಬಗ್ಗೆ 48 ಗಂಟೆಗಳಲ್ಲಿ ತೀರ್ಮಾನವಾಗಬೇಕು. ಮುಟ್ಟುಗೋಲಾದ ಹಣ 10,000 ಯೂರೋ ದಾಟಿದರೆ ಅರ್ಧ ಪಾಲು ಆದೇಶ ಕೊಟ್ಟ ದೇಶಕ್ಕೆ. ಭಾರತಕ್ಕೆ ಈ ಸೌಲಭ್ಯವಿಲ್ಲ. ಆದರೆ ಆ ನಮೂನೆಯ ಖಾಲಿ ಜಾಗಗಳನ್ನು ನೋಡಿದರೆ ಯುರೋಪಿನ ನ್ಯಾಯಾಧೀಶರ ತಲೆಯಲ್ಲಿ ಯಾವ ಪ್ರಶ್ನೆಗಳಿರುತ್ತವೆ ಎಂಬುದು ತಿಳಿಯುತ್ತದೆ. ನೀವು ಹತ್ತಿರದಲ್ಲೇ ಇದ್ದೀರಿ, ಟ್ರಿಯರ್‌ನ ಯುರೋಪಿಯನ್ ಕಾನೂನು ಅಕಾಡೆಮಿಯ ತರಬೇತಿಗಳ ಮೇಲೆ ಕಣ್ಣಿಡಿ.

ಪತ್ರಕ್ಕೆ ಮುಂಚೆ ಒಂದು ಮಾತು ಎಂಬ ಪದ್ಧತಿಯೂ ಇದೆ. ಬೇರೆ ಬೇರೆ ದೇಶಗಳ ಆಸ್ತಿ ಪತ್ತೆ ಅಧಿಕಾರಿಗಳನ್ನು ಬೆಸೆಯುವ, 2004ರಲ್ಲಿ ಹೇಗ್‌ನಲ್ಲಿ ಆರಂಭವಾದ ಕ್ಯಾರಿನ್ ಜಾಲದವರು ಫೋನಿನಲ್ಲೇ ‘ಈ ಹೆಸರಿನಲ್ಲಿ ನಿಮ್ಮಲ್ಲಿ ಆಸ್ತಿ ಇದೆಯೇ’ ಎಂದು ವಿಚಾರಿಸಿಕೊಳ್ಳುತ್ತಾರೆ. ಏಷ್ಯಾ-ಪೆಸಿಫಿಕ್ ಭಾಗಕ್ಕೂ ಇಂಥದೊಂದು ಜಾಲವಿದ್ದು, ನಮ್ಮ ಜಾರಿ ನಿರ್ದೇಶನಾಲಯ ಅದರಲ್ಲಿದೆ.

ಪ್ರಶ್ನೆ (ವಕೀಲ, ಕಲಬುರಗಿ): ಎಲ್ಲವೂ ಸರ್ಕಾರದ ಕಡೆಯಿಂದಲೇ ಆಯಿತು. ಆರೋಪಿ ಪರ ನಿಲ್ಲುವ ನಮಗೇನು?

ಉತ್ತರ: ನಿಮಗೂ ಇದೇ ಒಂದು ಪುಟ. ಕೆಂಪು ಗೆರೆ ಎಳೆಯುವವರು ನೀವು. 2002ರ ಕಾಯ್ದೆಯಡಿ ತಾತ್ಕಾಲಿಕ ಮುಟ್ಟುಗೋಲಿನ ಆಯಸ್ಸು 180 ದಿನ, ಅಷ್ಟರೊಳಗೆ ನ್ಯಾಯನಿರ್ಣಯ ಪ್ರಾಧಿಕಾರ ಅದನ್ನು ಸ್ಥಿರಪಡಿಸಬೇಕು. ಬೆಲೆ ಕೊಟ್ಟು, ಏನೂ ತಿಳಿಯದೆ ಕೊಂಡವರೂ ಅಡಮಾನ ಹಿಡಿದ ಬ್ಯಾಂಕೂ ಇದ್ದರೆ ಅವರ ಹಕ್ಕಿನ ವಾದ ಪ್ರತ್ಯೇಕ.

ಪ್ರಶ್ನೆ (ವಕೀಲೆ, ಧಾರವಾಡ): ಮುಟ್ಟುಗೋಲಾದ ಆಸ್ತಿಯ ಮರುಬಳಕೆಯ ಭಾಗ ಉಳಿಯಿತು ಸರ್.

ಉತ್ತರ: ಅದಕ್ಕೆ ಇಟಲಿಗೇ ಹೋಗಬೇಕು. ಸಂಸದ ಪಿಯೋ ಲಾ ತೊರ್ರೆಯವರನ್ನು 1982ರ ಏಪ್ರಿಲ್‌ನಲ್ಲಿ ಮಾಫಿಯಾ ಕೊಂದಿತು. ಮಾಫಿಯಾದ ಆಸ್ತಿ ಮುಟ್ಟುಗೋಲಿಗೆ ಅವರು ರೂಪಿಸಿದ್ದ ಕಾನೂನು ಅದೇ ವರ್ಷ ಜಾರಿಗೆ ಬಂತು. 1996ರ 109ನೇ ಕಾನೂನು ಇನ್ನೂ ಮುಂದೆ ಹೋಗಿ, ಆ ಮನೆ, ಹೊಲಗಳನ್ನು ಸಮಾಜದ ಬಳಕೆಗೆ ಕೊಡಬೇಕೆಂದಿತು. ಪುರಸಭೆಗಳು ಅವನ್ನು ಸಹಕಾರ ಸಂಘಗಳಿಗೆ ಕೊಡುತ್ತವೆ. ಸಿಸಿಲಿಯಲ್ಲಿ ಮಾಫಿಯಾ ಮುಖಂಡರದಾಗಿದ್ದ ಹೊಲಗಳ ಗೋಧಿಯಿಂದ ಪಾಸ್ತಾ, ದ್ರಾಕ್ಷಿಯಿಂದ ವೈನ್ ಮಾರುಕಟ್ಟೆಗೆ ಬರುತ್ತಿವೆ. ಇದಕ್ಕಾಗಿಯೇ 2010ರಲ್ಲಿ ರಾಷ್ಟ್ರೀಯ ಸಂಸ್ಥೆಯೊಂದನ್ನು ರೆಜ್ಜೋ ಕಲಾಬ್ರಿಯಾದಲ್ಲಿ ಸ್ಥಾಪಿಸಿದರು. ಎಲ್ಲವೂ ಹೂವಿನ ಹಾಸಿಗೆಯೇನಲ್ಲ. ಅಡಮಾನದ ಬಾಕಿ, ಖಾಲಿ ಮಾಡದ ಕುಟುಂಬ, ಪರವಾನಗಿಯಿಲ್ಲದ ಕಟ್ಟಡ ಎಂದು ಎಷ್ಟೋ ಆಸ್ತಿಗಳು ಪಾಳು ಬಿದ್ದಿವೆ.

ನಮ್ಮಲ್ಲಿ ಮುಟ್ಟುಗೋಲಾದದ್ದು ಕೇಂದ್ರ ಸರ್ಕಾರಕ್ಕೆ ಸೇರುತ್ತದೆ, ಇಲ್ಲವೇ ನೊಂದವರಿಗೆ ಮರಳುತ್ತದೆ. ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಂ ಅನ್ನು ನಿಮ್ಮ ಅಭಿಯೋಜಕರು ಬಾಯಿಪಾಠ ಮಾಡಲಿ: ಆಸ್ತಿ ಹೊಂದಿರುವವರಿಗೆ 14 ದಿನಗಳ ನೋಟಿಸ್, ನ್ಯಾಯಾಲಯದ ಆದೇಶವಾದ ಮೇಲೆ ಜಿಲ್ಲಾಧಿಕಾರಿ 60 ದಿನಗಳಲ್ಲಿ ಸಂತ್ರಸ್ತರಿಗೆ ಹಂಚಬೇಕು. ಹಂಚಲು ಏನಾದರೂ ಉಳಿದಿರಬೇಕಲ್ಲ! ಯಾವ ಪೊಲೀಸ್ ಠಾಣೆಯ ಹಿತ್ತಲಿಗೆ ಹೋದರೂ ಚಕ್ರ ನೆಲಕ್ಕಿಳಿದು, ಬಾನೆಟ್ಟಿನೊಳಗಿಂದ ಬಳ್ಳಿ ಹಬ್ಬಿದ ಮುದ್ದೆಮಾಲು ಕಾರುಗಳಿವೆ. ಫೋಟೊ, ಪಂಚನಾಮೆ ಮುಗಿಸಿ ವಾಹನವನ್ನು ಬೇಗ ಬಿಡುಗಡೆ ಮಾಡಿ ಎಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 2002ರಲ್ಲಿ.

ಆದ್ದರಿಂದ ಮಧ್ಯಾಹ್ನದ ಗೋಷ್ಠಿಗೆ ವಕೀಲರಷ್ಟೇ ಬೇಡ. ಉಪ ನೋಂದಣಾಧಿಕಾರಿ, ಬ್ಯಾಂಕಿನ ವ್ಯವಸ್ಥಾಪಕರು, ಜಿಲ್ಲಾಧಿಕಾರಿ ಕಚೇರಿಯ ಒಬ್ಬ ತಹಶೀಲ್ದಾರ್ ಇವರನ್ನೂ ಕರೆಯಿರಿ. ಜಪ್ತಿಯಾದ ಅಡಿಕೆ ತೋಟಕ್ಕೆ ನಾಳೆ ಬೆಳಗ್ಗೆ ನೀರು ಬಿಡುವವರು ಯಾರು, ಕೂಲಿ ಯಾವ ಲೆಕ್ಕದಿಂದ, ಫಸಲಿನ ಹಣ ಯಾವ ಖಾತೆಗೆ ಎಂದು ಕೇಳಿ ಅವರ ಮುಂದೆ ಕಾಗದ ಇಡಿ.

ಪ್ರತಿಕ್ರಿಯೆ (ವಕೀಲೆ, ಧಾರವಾಡ): ತಹಶೀಲ್ದಾರರಿಗೆ ಇಂದೇ ಪತ್ರ ಬರೆಯುತ್ತೇನೆ ಸರ್. ಕೆಂಪು ಶಾಯಿಯ ಪೆನ್ನುಗಳನ್ನೂ ತರಿಸುತ್ತೇನೆ.