ಪದಚರ್ಚೆ: ಸಿಂಗಳೀಕ ‘ಅಪಾಯಕಾರಿ’ಯೇ?

ಎಲ್ಲರಿಗೂ ನಮಸ್ಕಾರ.

ಮೊನ್ನೆ ತಂಗಿಯ ಮಗಳು ಶಾಲೆಗೆಂದು ಒಂದು ಚಾರ್ಟ್ ಮಾಡುತ್ತಿದ್ದಳು. ಒಂದು ಕಡೆ ಸಿಂಗಳೀಕ ಎಂಬ ಕೋತಿಯ ಚಿತ್ರ, ಪಕ್ಕದಲ್ಲಿ ಕೊಳೆರೋಗ ಬಂದ ಅಡಿಕೆ ಗೊನೆ. ಮೇಲೆ ದಪ್ಪ ಅಕ್ಷರದಲ್ಲಿ ‘ಅಪಾಯಕಾರಿ ಜೀವಿಗಳು’. ಬಣ್ಣ ಹಚ್ಚುತ್ತಲೇ ಕೇಳಿದಳು: “ಮಾವ, ಸಿಂಗಳೀಕ ಕಚ್ಚುತ್ತಾ?”

ನನಗೆ ನಿಜಕ್ಕೂ ಬೇಸರವಾಯಿತು. ‘ಕಾರಿ’ ಅಂದರೆ ಮಾಡುವಂಥದ್ದು. ಅಪಾಯ ತರುವುದು ಅಪಾಯಕಾರಿ. ಕೊಳೆರೋಗಕ್ಕೆ ಆ ಮಾತು ಸರಿ. ಆದರೆ ಸಿಂಗಳೀಕ? ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಅದು ಇಲ್ಲ. ಮರದಿಂದ ಮರಕ್ಕೆ ಹಾರಿ ಬದುಕುವ ಜೀವಕ್ಕೆ ಕಾಡು ತುಂಡಾದರೆ ದಾರಿಯೇ ಕಡಿದ ಹಾಗೆ. ಅಪಾಯ ಅದಕ್ಕೆ, ಅದರಿಂದ ಅಲ್ಲ. ಪತ್ರಿಕೆಗಳಲ್ಲೂ ಈ ಎರಡು ಕಲಸಿಹೋಗುವುದು ಜಾಸ್ತಿ.

ನಮ್ಮಲ್ಲೇ ‘ಅಳಿ’, ‘ಅಳಿಸು’ ಎಂಬ ಜೋಡಿ ಇದೆ, ಅಲ್ವಾ? ಒಂದು ಅಳಿಯುತ್ತಿದೆ, ಇನ್ನೊಂದು ಅಳಿಸುತ್ತದೆ. ಎಷ್ಟು ಚೆಂದ! ಆದರೆ ಈಗಿನ ಮಕ್ಕಳಿಗೆ ಅಳಿಸುವುದು ಅಂದರೆ ರಬ್ಬರಿನಲ್ಲಿ ಉಜ್ಜುವುದು ಮಾತ್ರ.

ಕೊಳೆರೋಗದ ಹೆಸರಲ್ಲೂ ಇದೇ ವಿಷಯ ಇದೆ. ಮಳೆಗಾಲದಲ್ಲಿ ಅಪ್ಪಯ್ಯ ಮರದ ಬುಡದಲ್ಲಿ ಬಿದ್ದ ಹಸಿ ಕಾಯಿ ಎತ್ತಿ, ತೊಟ್ಟಿನ ಹತ್ತಿರ ನೋಡುತ್ತಾರೆ. ನೀರು ಕುಡಿದಂಥ ಕಡುಹಸಿರು ಕಲೆ, ಮೇಲೆ ಬಿಳಿ ಬೂಷ್ಟು. “ಕೊಳೆ ಬಂತು” ಅಷ್ಟೇ ಅನ್ನುತ್ತಾರೆ. ಅದು ಸುಳಿಗೆ ಇಳಿದರೆ ಮರವೇ ಹೋಯಿತು. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಬರೆದಾಗ ‘ಕೊಳೆರೋಗ’ ಎಂಬ ನಮ್ಮ ಪದವನ್ನೇ ಇಟ್ಟುಕೊಂಡರು. ಕಾಯಿಗೆ ಏನಾಯಿತು ಎಂಬುದನ್ನು ನಮ್ಮ ಹೆಸರು ಹೇಳುತ್ತದೆ. ರೋಗಾಣುವಿನ ಹೆಸರು ಫೈಟೊಫ್ತೊರಾ. ಗ್ರೀಕಿನಲ್ಲಿ ಅದರ ಅರ್ಥ ಗಿಡ ಹಾಳುಮಾಡುವುದು. ಅದು ಕೊಲ್ಲುವವನ ಕಡೆಯಿಂದ ಇಟ್ಟ ಹೆಸರು.

ರೋಗಕ್ಕೆ ನಮ್ಮಲ್ಲಿ ಪದವಿದೆ, ರೋಗಾಣುವಿಗೆ ತೋಟದ ಮಾತಿನಲ್ಲಿ ನಾನು ಕೇಳಿಲ್ಲ. ‘ಶಿಲೀಂಧ್ರ’ ಅನ್ನುವುದೂ ಸರಿಯಲ್ಲ. ನೋಡಲು ಹಾಗಿದ್ದರೂ ಅದರ ಹತ್ತಿರದ ನಂಟು ಪಾಚಿಗಳ ಕಡೆಗೆ.

ಚಾರ್ಟಿನಲ್ಲಿ ಸದ್ಯಕ್ಕೆ ‘ಅಳಿಯುತ್ತಿರುವ ಸಿಂಗಳೀಕ, ಮರ ಸಾಯಿಸುವ ಕೊಳೆ’ ಎಂದು ಬರೆಸಿದ್ದೇನೆ. ‘ಅಳಿವಿನಂಚಿನ’ ಎಂಬುದು ಐದನೇ ತರಗತಿಯ ಬಾಯಿಗೆ ಸ್ವಲ್ಪ ಭಾರ ಅನ್ನಿಸಿತು. ನಿಮ್ಮ ಕಡೆ ಇದಕ್ಕೆ ಬೇರೆ ಮಾತಿದೆಯಾ? ಕರಾವಳಿಯವರು ಈ ರೋಗಕ್ಕೆ ‘ಮಹಾಳಿ’ ಅನ್ನುತ್ತಾರೆ. ಆ ಪದದಲ್ಲಿರುವ ‘ಅಳಿ’ ಇದೇ ‘ಅಳಿ’ಯೋ, ಬೇರೆಯೋ? ತುಳು ಬಲ್ಲವರು ದಯವಿಟ್ಟು ತಿಳಿಸಿ.